ಹರಕೆಯ ಕುಡುಪು

"ಮಗ ಸತ್ತ ಮೇಲೆ ಎಂತದ್ದು ಹರಕೆ ನಿಂದು, ಬೇವರ್ಸಿ? ಅಲ್ಲೇ ನಿಲ್ಲು. ಮೆಟ್ಟಲು ಹತ್ಬೇಡ."

ದೇವಸ್ಥಾನದ ಮ್ಯಾನೇಜರ್ ಶಿವಸುಬ್ರಹ್ಮಣ್ಯ ಭಟ್ಟರು ಅಡಿಗೆಶಾಲೆಯ ಬಾಗಿಲಲ್ಲಿದ್ದರು. ನನ್ನ ಅತ್ತಿಗೆ ಮೋಹಿನಿ ಕೆಳಗೆ, ಅನ್ನ ಬಸಿಯುವ ಹೊಸ ಕುಡುಪನ್ನು ತಲೆಯ ಮೇಲೆ ಹೊತ್ತು ನಿಂತಿದ್ದಳು, ಅವಳ ಹಿಂದೆ ನಾನು. ಕಾಡುಬಳ್ಳಿಯಲ್ಲಿ ಕುಡುಪು ಹೆಣೆಯುವವರು ನಾವು, ಕೊರಗರು. ವರ್ಕಾಡಿಯ ಕಡೆ ಎಷ್ಟೋ ದೇವರ ಅನ್ನ ನಮ್ಮ ಕುಡುಪಿನಲ್ಲೇ ಬಸಿಯುತ್ತದೆ. ಅಂಗಳದಲ್ಲಿ ಇಟ್ಟು ಹೋದರೆ ನೀರು ಚಿಮುಕಿಸಿ ಒಳಗೆ ಒಯ್ಯುತ್ತಾರೆ. ಕುಡುಪಿಗೆ ಹತ್ತುವ ಶುದ್ಧಿ ನಮಗೆ ಮಾತ್ರ ಹತ್ತುವುದಿಲ್ಲ.

ಕಾಮಾಲೆಯಾಗಿ ಮಗ ವಿನೀತ ಆಸ್ಪತ್ರೆ ಸೇರಿದಾಗ ಮೋಹಿನಿ ಈ ದೇವರಿಗೆ ಹೇಳಿಕೊಂಡಿದ್ದಳು, ಮಗನನ್ನು ಉಳಿಸು, ನಿನ್ನ ಅನ್ನಕ್ಕೆ ಕುಡುಪು ಕೊಡುತ್ತೇನೆ ಅಂತ. ಉಪವಾಸ ಕೂತು ಹೆಣೆಯತೊಡಗಿದಳು. ಕುಡುಪು ಅರ್ಧ ಆಗುವಾಗ ಇಪ್ಪತ್ತೆರಡು ವರ್ಷದ ಹುಡುಗ ಹೆಣವಾಗಿ ಮನೆಗೆ ಬಂದ. ಕ್ರಿಯೆಗಳೆಲ್ಲ ಮುಗಿದ ಮರುದಿನ ಇವಳು ಮತ್ತೆ ಬಳ್ಳಿ ಹಿಡಿದು ಕೂತಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಕಿವಿ ಕೇಳದ ದೇವರಿಗೆ ಎಂತಕ್ಕೆ ಅತ್ತಿಗೆ?"

"ಅವ ಕೈಬಿಟ್ಟ, ಕಿನ್ನಿ. ನಾನೂ ಬಿಟ್ರೆ ಅವನಿಗೂ ನನಗೂ ಎಂತ ವ್ಯತ್ಯಾಸ?"

ಈಗ ಅವಳು ಭಟ್ಟರಿಗೂ ಅಷ್ಟೇ ಮೆತ್ತಗೆ ಹೇಳಿದಳು. "ಒಮ್ಮೆ ಇದ್ರಲ್ಲಿ ಅನ್ನ ಬಸಿದ್ರೆ ಸಾಕು ಭಟ್ರೆ. ಮತ್ತೆ ಎಂತ ಬೇಕಾದ್ರೂ ಮಾಡಿ."

"ಸಾವಿನ ಮನೆಯದ್ದು ದೇವರ ಅನ್ನಕ್ಕಾ? ತಲೆ ಸರಿ ಉಂಟಾ ನಿಂಗೆ?" ಭಟ್ಟರು ಬಡಿಸುವ ವಿಜೇತನನ್ನು ಕರೆದರು. "ಇದನ್ನು ಕೊಂಡೋಗು ಮಾರಾಯ. ಎಂಜಲೆಲೆ ತುಂಬಿಸ್ಲಿಕ್ಕೆ ಆಗ್ತದೆ."

ವಿಜೇತ ನಗುತ್ತಾ ಬಂದು ಕುಡುಪಿನ ಅಂಚು ಹಿಡಿದು ಎಳೆದ. ಮೋಹಿನಿ ಬಿಡಲಿಲ್ಲ. ಅನ್ನ ಬೆಂದಾಯಿತು ಎಂದು ಒಳಗಿನಿಂದ ಯಾರೋ ಕೂಗಿದರು. ಅವಳು ಕುಡುಪಿನೊಂದಿಗೆ ಅವನತ್ತ ಒಂದು ಹೆಜ್ಜೆ ಇಟ್ಟಳು. ಮೈ ತಾಗೀತು ಎಂದು ಅವನು ಕೈಬಿಟ್ಟು ಹಿಂದೆ ಸರಿದ.

ಅವಳಿಗೆ ಆಗ ತಿಳಿದಿರಬೇಕು. ನೇರ ಮೆಟ್ಟಲು ಹತ್ತಿದಳು.

ತಡೆಯಬೇಕಾದರೆ ಮುಟ್ಟಬೇಕು. ಭಟ್ಟರು ಪಂಚೆ ಒಟ್ಟುಮಾಡಿಕೊಂಡು ಗೋಡೆಗೆ ಅಂಟಿದರು. "ಏ ರಂಡೆ, ಹೊರಗೆ ಬಾ" ಎಂದು ಬೈದರೇ ಹೊರತು ಕೈ ನೀಡಲಿಲ್ಲ. ಒಳಗಿನ ಅಡಿಗೆಯವರೂ ಹಿಂಬಾಗಿಲಿನಿಂದ ಅಂಗಳಕ್ಕೆ ಇಳಿದರು. ಮೋಹಿನಿ ಕುದಿಯುವ ಕೊಪ್ಪರಿಗೆಯ ಪಕ್ಕದ ಪಾತ್ರೆಯ ಮೇಲೆ ಕುಡುಪು ಇಟ್ಟು, ಉದ್ದದ ಸೌಟು ತೆಗೆದುಕೊಂಡು ಅನ್ನ ತೋಡಿ ಹಾಕಿದಳು. ಗಂಜಿ ಕೆಳಗಿಳಿಯಿತು.

"ಪೊಲೀಸರಿಗೆ ಫೋನ್ ಮಾಡ್ತೇನೆ ನೋಡು."

"ಮಾಡಿ ಭಟ್ರೆ. ಅವ್ರು ಬರುವಾಗ ಬಸಿದು ಆಗಿರ್ತದೆ."

ಊಟದ ಹಾಲ್‌ನಲ್ಲಿ ಮುನ್ನೂರು ಜನ ಎಲೆ ಹಾಕಿ ಕಾಯುತ್ತಿದ್ದರು. ಆ ಅನ್ನ ಬಡಿಸುವವರು ಯಾರೂ ಇರಲಿಲ್ಲ. ಹಬೆಗೆ ಅವಳ ಮುಖ ಬೆವೆತಿತ್ತು, ತುಟಿ ಏನೋ ಬೇಡಿಕೊಳ್ಳುತ್ತಿತ್ತು.

ಆ ದೇವರನ್ನು ನಾನು ಇವತ್ತಿಗೂ ನಂಬುವುದಿಲ್ಲ. ಆದರೆ ಭಾರಕ್ಕೆ ಕುಡುಪು ಒಂದು ಕಡೆ ವಾಲುತ್ತಿತ್ತು. ಮೆಟ್ಟಲು ಹತ್ತಿ ಒಳಗೆ ಹೋಗಿ ಇನ್ನೊಂದು ಬದಿ ಹಿಡಿದೆ.