ಕೊಂಡಿ ಹಾಕಿಸಿದ ನಾಣ್ಯ

ಕೊರಳಿನ ಸರ ಬಿಚ್ಚಿ ಕೊಡುವಾಗ ಹುಡುಗಿಯ ಬೆರಳು ಅದನ್ನು ಬೇಗ ಬಿಡಲಿಲ್ಲ. ಅಪ್ಪ ಅದನ್ನು ಗಮನಿಸಲಿಲ್ಲ. ಅಕ್ಕಸಾಲಿ ಗಮನಿಸಿದ.

ಸರದಲ್ಲಿ ತೂಗುತ್ತಿದ್ದದ್ದು ಹಳೆಯ ಚಿನ್ನದ ನಾಣ್ಯ. ಅದಕ್ಕೆ ಸಮನಾದದ್ದು ಅಪ್ಪನ ಸಂಗ್ರಹದಲ್ಲಿ ಇನ್ನೊಂದಿರಲಿಲ್ಲ. ಮಗಳಿನ್ನೂ ತೊಟ್ಟಿಲಲ್ಲಿದ್ದಾಗ, ಅಪ್ಪ ಊರಲ್ಲಿಲ್ಲದ ಹೊತ್ತು ನೋಡಿ, ಅಮ್ಮ ಇದೇ ಅಂಗಡಿಗೆ ಬಂದು ಅದಕ್ಕೊಂದು ಕೊಂಡಿ ಬೆಸೆಸಿ ಕೊರಳಿಗೆ ಹಾಕಿಕೊಂಡಿದ್ದಳು. ಚಿನ್ನ ಇರುವುದೇ ತೊಡುವುದಕ್ಕೆ ಎಂಬುದು ಅವಳ ಲೆಕ್ಕ. ಕೊಂಡಿ ಬಿದ್ದ ಮೇಲೆ ಅದು ನಾಣ್ಯವೇ ಅಲ್ಲ, ಬರೀ ಲೋಹ ಎಂಬುದು ಅಪ್ಪನ ಲೆಕ್ಕ. ಅಪ್ಪ ಕೂಗಾಡಲಿಲ್ಲ. ಹೆಂಡತಿಯ ಕೊರಳಿನತ್ತ ಮತ್ತೆ ಕಣ್ಣೆತ್ತಿ ನೋಡಲಿಲ್ಲ, ಅಷ್ಟೆ.

ಕಳೆದ ತಿಂಗಳು ಅಮ್ಮ ತೀರಿಕೊಂಡಳು. ಸಾಯುವ ಮುಂಚೆ ಸರವನ್ನು ಮಗಳ ಕೊರಳಿಗೆ ಹಾಕಿದ್ದಳು. ಈಗ ಅಪ್ಪನಿಗೆ ಕೊಂಡಿ ಕೀಳಿಸಿ ನಾಣ್ಯವನ್ನು ಮತ್ತೆ ಪೆಟ್ಟಿಗೆಗೆ ಸೇರಿಸಬೇಕು. ಬೇಡ ಎನ್ನಲು ಮಗಳಿಗೆ ಬಾಯೇ ಬರುತ್ತಿಲ್ಲ. ಬೇಗ ಶಾಲೆ ಬಿಟ್ಟು ಮನೆಯಲ್ಲೇ ಬೆಳೆದವಳು. ನೋಡುವುದು ಹೆಚ್ಚು, ಮಾತು ಕಡಿಮೆ.

"ಬೆಸೆದೋನೂ ನಾನೇ, ಬಿಡಿಸೋನೂ ನಾನೇ," ಎಂದ ಅಕ್ಕಸಾಲಿ ದೀಪ ಹಚ್ಚುತ್ತ. "ಬೀದಿಯೋರು ನಿಮ್ಮನ್ನ ಸುಮ್ನೆ ಚಿಲ್ಲರೆ ಮಾವ ಅಂತಾರಾ? ಇಷ್ಟು ವರ್ಷ ಆದ್ರೂ ಒಂದು ಬಿಲ್ಲೆ ಬಿಡಲ್ಲ ನೀವು."

"ಹರಟೆ ಸಾಕು, ತೂಕ ಹಾಕು."

ಅಕ್ಕಸಾಲಿ ನಾಣ್ಯವನ್ನು ಸರದಿಂದ ಕಳಚಿ ತೂಗಿದ. ತಕ್ಕಡಿ ನೋಡಿ ಅಪ್ಪನ ಮುಖ ಕಪ್ಪಿಟ್ಟಿತು. "ಕೊಂಡಿ ಸೇರಿದ್ರೂ ಹಳೇ ತೂಕಕ್ಕಿಂತ ಕಮ್ಮಿ ಬರ್ತಿದೆಯಲ್ಲೋ! ಅವತ್ತು ಅರ ಹಾಕಿ ಪುಡಿ ಉದುರಿಸ್ಕೊಂಡ್ಯಾ?"

ಅಕ್ಕಸಾಲಿಯ ನಗು ಆರಿತು. ಭೂತಗನ್ನಡಿಯನ್ನು ಮುಂದೆ ಸರಿಸಿದ. "ನೀವೇ ನೋಡಿ ಯಜಮಾನ್ರೇ. ಅಂಚು ಹಾಗೇ ಇದೆ. ಸವೆದಿರೋದು ರಾಜನ ಮುಖ. ಮೂಗಿಲ್ಲ, ಕಣ್ಣಿಲ್ಲ. ಅರ ಹಾಕಿದ್ರೆ ಗೀರು ಕಾಣ್ತಿತ್ತು."

"ಚಿನ್ನ ಕೊಳೆಯಲ್ಲ, ತುಕ್ಕು ಹಿಡಿಯಲ್ಲ. ಮತ್ತೆ ಎಲ್ಲಿಗೆ ಹೋಯ್ತು?"

"ಮೆತ್ತಗಿನ ಚಿನ್ನ. ಉಜ್ಜಿದ್ರೆ ಹೋಗುತ್ತೆ. ಆದ್ರೆ ಒಂದೇ ಕಡೆ ಇಷ್ಟೊಂದು..."

"ಅಮ್ಮ ಉಜ್ಜುತಿದ್ಲು," ಎಂದಳು ಹುಡುಗಿ.

ಇಬ್ಬರೂ ತಿರುಗಿ ನೋಡಿದರು. ಬಾಯಿಂದ ಬಿದ್ದ ಮಾತನ್ನು ಅವಳು ಇನ್ನು ನುಂಗಿಕೊಳ್ಳುವಂತಿರಲಿಲ್ಲ.

"ನೀವು ಪೆಟ್ಟಿಗೆ ತೆಗೆದು ಕೂತಾಗಲೆಲ್ಲ, ಅಪ್ಪ. ಬಾಗಿಲಾಚೆ ಕೂತು ಹೆಬ್ಬೆರಳಲ್ಲಿ ಉಜ್ಜುತಾನೇ ಇರ್ತಿದ್ಲು, ನೀವು ಪೆಟ್ಟಿಗೆ ಮುಚ್ಚೋ ತನಕ. ಊಟಕ್ಕೆ ಕರೆಯೋಕೂ ಅಂಜ್ತಿದ್ಲು."

"ಒಳಗೆ ಬರಬಹುದಿತ್ತಲ್ಲ."

"ನೀವು ಕರೀಲಿಲ್ಲವಲ್ಲ."

ಅಪ್ಪ ಭೂತಗನ್ನಡಿಯನ್ನು ಕೆಳಗಿಟ್ಟ. ಅಕ್ಕಸಾಲಿ ಊದುಕೊಳವೆ ಹಿಡಿದು ಕಾದ. ಉರಿ ಅಲ್ಲಾಡುತ್ತಿತ್ತು.

"ಏನ್ ಮಾಡ್ಲಿ?"

"ದೀಪ ಆರಿಸು," ಎಂದ ಅಪ್ಪ.

ಹುಡುಗಿ ಕೈ ಚಾಚಿದಳು. ಅಪ್ಪ ನಾಣ್ಯವನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡ. ಚಾಚಿದ ಕೈ ಹಾಗೇ ನಿಂತಿತು.

"ಇದು ಸ್ವಲ್ಪ ದಿನ ನನ್ನ ಹತ್ರ ಇರಬಹುದಾ?" ಎಂದ ಅಪ್ಪ. ಇದುವರೆಗೆ ಯಾವುದಕ್ಕೂ ಅವಳನ್ನು ಕೇಳಿದವನಲ್ಲ.

ಅವಳು ಬರಿದಾದ ಕೊರಳನ್ನು ಮುಟ್ಟಿ ನೋಡಿಕೊಂಡಳು. "ಇಟ್ಕೊಳ್ಳಿ. ಪೆಟ್ಟಿಗೇಲಿ ಮಾತ್ರ ಇಡಬೇಡಿ."

ಅಪ್ಪ ನಾಣ್ಯವನ್ನು ಸರಕ್ಕೆ ಪೋಣಿಸಿ ತನ್ನ ಕತ್ತಿಗೇ ಸುತ್ತಿಕೊಂಡ. ಅಮ್ಮನ ಅಳತೆಯ ಸರ. ಎಷ್ಟು ತಡಕಾಡಿದರೂ ತುದಿಗೆ ತುದಿ ಸಿಗಲಿಲ್ಲ. ಅಕ್ಕಸಾಲಿ ಎದ್ದು ಬಂದು, ಏನೂ ತಮಾಷೆ ಮಾಡದೆ, ಹಿಂದಿನಿಂದ ಎಳೆದು ಕೊಕ್ಕೆ ಸಿಕ್ಕಿಸಿದ.