ಮೇಜಿಗಾಗಿ ಕೆತ್ತಿದ ಕಂಬ

ಹೈದರಾಬಾದಿನ ಆ ಕಟ್ಟಡ ವಿಶ್ವವಿದ್ಯಾಲಯದ ಗ್ರಂಥಾಲಯವಾಗಿದ್ದಾಗ ಕಂಬಗಳು ಕಾಣುತ್ತಿದ್ದವು. ಸಾಫ್ಟ್‌ವೇರ್ ತರಬೇತಿ ಕೇಂದ್ರವಾದ ಮೇಲೆ ಅವೆಲ್ಲ ಪ್ಲೈವುಡ್ಡಿನೊಳಗೆ ಸೇರಿದವು. ಭುಜ್ ಭೂಕಂಪದ ವರ್ಷ ಹಳೆಯ ಕಟ್ಟಡಗಳನ್ನು ಪರೀಕ್ಷಿಸುವ ಕೆಲಸ ಮೈಸೂರಿನ ಸ್ಟ್ರಕ್ಚರಲ್ ಎಂಜಿನಿಯರ್ ಪ್ರಫುಲ್ಲಾಗೆ ಬಂತು. ಜೊತೆಗಿದ್ದವರು ವಿಶ್ವವಿದ್ಯಾಲಯದ ಎಂಜಿನಿಯರ್ ಬಸವಲಿಂಗಪ್ಪ, ಆಳಂದದವರು. ಅವರ ಮಗಳು ಅಪೂರ್ವ ಮೇಲಿನ ಅಂತಸ್ತಿನಲ್ಲೇ ಕಲಿಯುತ್ತಿದ್ದಳು.

“ಒಂದು ಹಲಗೆ ಬಿಚ್ಚಿಸಿ,” ಎಂದರು ಪ್ರಫುಲ್ಲಾ.

“ಹೊಸಾ ಪಾಲಿಶ್ ಐತ್ರಿ ಮೇಡಂ. ಸೆಂಟರಿನವರು ಜಗಳಾ ತಗೀತಾರ.”

“ತೆಗೀಲಿ.”

ಬಡಗಿ ಗೊಲ್ಲಾಳಪ್ಪ ಹಲಗೆ ಬಿಚ್ಚಿದ. ಕಂಬದ ಎರಡು ಮೂಲೆಗಳೇ ಇರಲಿಲ್ಲ. ಕಾಂಕ್ರೀಟ್ ಕೆತ್ತಿ, ಒಳಗಿನ ಸರಳುಗಳನ್ನೂ ಅವನ್ನು ಬಿಗಿದಿದ್ದ ಉಂಗುರಗಳನ್ನೂ ಕತ್ತರಿಸಿದ್ದರು. ಕೆತ್ತಿದ ಜಾಗದಲ್ಲಿ ಕಂಪ್ಯೂಟರ್ ಮೇಜಿನ ತುದಿ ಸರಿಯಾಗಿ ಕೂತಿತ್ತು. ಪಕ್ಕದ ಕಂಬವನ್ನೂ ಬಿಚ್ಚಿಸಿದರು. ಅದೂ ಹಾಗೆಯೇ ಇತ್ತು.

“ಮೇಜು ಮೊದಲೇ ಬಂದಿದ್ವು. ಕಂಬ ಅಡ್ಡ ಆತು,” ಎಂದರು ಬಸವಲಿಂಗಪ್ಪ.

“ಮೇಜನ್ನ ಕೊಯ್ಯೋಕಾಗಲಿಲ್ವಾ?”

“ಕೊಯ್ದರ ಗ್ಯಾರಂಟಿ ಹೋಗತೈತಿ ಅಂದ್ರು.”

ಪ್ರಫುಲ್ಲಾ ನಗಲಿಲ್ಲ. “ಕಟ್ಟಡ ಇವತ್ತೇ ತೆರವು ಮಾಡಬೇಕು ಅಂತ ಬರೀತೀನಿ.”

“ದುರಸ್ತಿ ಬೇಕು ಅಂತ ಬರೀರಿ. ಹೈದರಾಬಾದಿನಾಗ ಭೂಕಂಪ ಎಲ್ಲೈತ್ರಿ?”

“ಕಿಲ್ಲಾರಿ ಬಗ್ಗೇನೂ ಹಾಗೇ ಅಂದಿದ್ದರು. ನಿಮ್ಮೂರಿಗೆ ಅದು ಹತ್ತಿರ ಅಲ್ವಾ?”

ತೊಂಬತ್ತಮೂರರಲ್ಲಿ ಕಿಲ್ಲಾರಿ ಭೂಕಂಪವಾದ ಬೆಳಗಿನ ಜಾವ ಆಳಂದದ ಅವರ ಮನೆಯ ಗೋಡೆಯೂ ಬಿರಿದಿತ್ತು. ಬಸವಲಿಂಗಪ್ಪ ದನಿ ತಗ್ಗಿಸಿದರು. “ತೆರವು ಅಂದ್ರ, ಕೆತ್ತಾಕ ಯಾರು ಒಪ್ಪಿಗಿ ಕೊಟ್ರು ಅಂತ ಕೇಳ್ತಾರ ಮೇಡಂ. ಕೊಟ್ಟಾಂವ ನಾನೇ. ನೌಕರಿ ಹೋಗತೈತಿ.”

ಪ್ರಫುಲ್ಲಾ ಕೇಂದ್ರದ ನಿರ್ದೇಶಕರಿಗೆ ಫೋನ್ ಮಾಡಲು ಕಚೇರಿಗೆ ಹೋದರು. ಮರಳಿ ಬಂದಾಗ ಬಸವಲಿಂಗಪ್ಪ ಮಗಳನ್ನು ಕೆಳಗೆ ಕರೆತಂದಿದ್ದರು.

“ಮನೀಗೆ ನಡಿ. ಯಾರಿಗೂ ಏನೂ ಹೇಳಬ್ಯಾಡ.”

“ಯಾಕಪ್ಪಾ? ಸೋಮವಾರ ಕಂಪನಿ ಇಂಟರ್‌ವ್ಯೂ ಐತಿ.”

ಗೊಲ್ಲಾಳಪ್ಪ ಹಲಗೆ ಎತ್ತಿ ಹಿಡಿದ. “ಮುಚ್ಚಲೇನ್ರೀ?”

“ಇರು, ಅವಳು ನೋಡಲಿ,” ಎಂದರು ಪ್ರಫುಲ್ಲಾ.

ಅಪೂರ್ವ ಬಗ್ಗಿ ನೋಡಿದಳು. ತುಂಡಾದ ಸರಳನ್ನು ಬೆರಳಿನಿಂದ ಮುಟ್ಟಿದಳು. ಮೆಟ್ಟಿಲು ಹತ್ತಿ ಹೋದಳು. ಮೇಲೆ ಗದ್ದಲವಾಯಿತು, ಯಾರೋ ನಕ್ಕರು, ಮತ್ತೆ ಪಾಠದ ದನಿ. ಅಪೂರ್ವ ಅರ್ಧ ಮೆಟ್ಟಿಲು ಇಳಿದು ನಿಂತಳು.

“ಇಂಟರ್‌ವ್ಯೂ ಮುಗಿಯೂತನಕ ಯಾರೂ ಏಳೂದಿಲ್ಲಂತಪ್ಪಾ. ನಾ ಒಬ್ಬಾಕಿ ಬಂದು ಏನ್ ಮಾಡ್ಲಿ?”

ಅವಳು ಮತ್ತೆ ಮೇಲೆ ಹೋದಳು. ಬಸವಲಿಂಗಪ್ಪ ಗೊಲ್ಲಾಳಪ್ಪನ ಕೈಯಿಂದ ಹಲಗೆ ತೆಗೆದುಕೊಂಡು ಗೋಡೆಗೆ ಒರಗಿಸಿದರು.

“ತೆರವು ಅಂತ ಬರೀರಿ ಮೇಡಂ. ನನ್ನ ಹೆಸರೂ ಬರೀರಿ.”

“ಬರೀತೀನಿ. ಆದರೆ ಫೋನಲ್ಲಿ ನಿರ್ದೇಶಕರೂ ಇಂಟರ್‌ವ್ಯೂ ಮುಗಿದ ಮೇಲೆ ನೋಡೋಣ ಅಂದರು.”