ನಾಲ್ಕು ಮಾರು ದುಬೈ ವಯರು

ಲಾಯಿಲದ ರಸ್ತೆ ಬದಿಯಲ್ಲಿ ಡೊಂಬಯ್ಯನ ಕೋಣೆ. ಕಾರುಗಳ ದೀಪ, ಹಾರ್ನು, ಟೇಪ್ ರೆಕಾರ್ಡರು ಸರಿಮಾಡುವುದು ಅವನ ಕಸುಬು. ಬೆಳಿಗ್ಗೆ ಬಂದವನೇ ಮಂಜುನಾಥ ಸ್ವಾಮಿಯ ಪಟಕ್ಕೆ ಊದುಬತ್ತಿ ಹಚ್ಚಬೇಕು, ಆಮೇಲೆಯೇ ಟೆಸ್ಟರು ಮುಟ್ಟಬೇಕು. ಹದಿನಾಲ್ಕು ವರ್ಷದಿಂದ ಈ ಕ್ರಮ ತಪ್ಪಿರಲಿಲ್ಲ. ಕೋಣೆ ಮಾತ್ರ ರಮಾನಾಥ ಶೆಟ್ಟರದ್ದು.

ಎಂಬತ್ತನಾಲ್ಕರಲ್ಲಿ ಶೆಟ್ಟರು ದುಬೈಯಿಂದ ಬರುವಾಗ ಒಂದು ಪೆಟ್ಟಿಗೆ ತುಂಬ ಸ್ಪೀಕರಿನ ವಯರು ತಂದರು. ಕಿರುಬೆರಳಿನಷ್ಟು ದಪ್ಪ. ಗಾಜಿನಂಥ ಹೊದಿಕೆಯೊಳಗೆ ತಾಮ್ರ ಹೊಳೆಯುತ್ತಿತ್ತು. ನಾಲ್ಕು ಮಾರು ಕತ್ತರಿಸಿ ಡೊಂಬಯ್ಯನ ಮಡಿಲಿಗೆ ಹಾಕಿದರು.

"ಇದು ನಿನಗೆ. ನನ್ನ ಕಾರಿಗೆ ಹಾಕಿ ನೋಡು. ಟ್ಯಾಕ್ಸಿಯವರೆಲ್ಲ ನಿನ್ನ ಮಾತು ಕೇಳ್ತಾರೆ. ಈ ವಯರಿನಲ್ಲಿ ಕ್ಯಾಸೆಟ್ಟಿನ ಪದ ಬೇರೆಯೇ ಕೇಳ್ತದೆ ಅಂತ ಒಂದು ಮಾತು ಹೇಳಿದರೆ ಆಯ್ತು. ಪೆಟ್ಟಿಗೆ ಖಾಲಿ."

ಡೊಂಬಯ್ಯ ಹಾಕಿದ. ಮೂರು ದಿನ ಕೇಳಿದ. ನಾಲ್ಕನೆಯ ದಿನ ವಯರು ಬಿಚ್ಚಿ ಸುತ್ತಿ ಶೆಟ್ಟರ ಮುಂದಿಟ್ಟ.

"ವ್ಯತ್ಯಾಸ ಇಲ್ಲ ಶೆಟ್ರೇ."

"ನಿನ್ನ ಕಿವಿಗೆ ಎಂತ ಗೊತ್ತುಂಟು ಮಾರಾಯ?"

"ಕಾರಿನೊಳಗೆ ವಯರು ಹೋಗುವುದು ಎಷ್ಟು ದೂರ? ಅಷ್ಟಕ್ಕೆ ನಮ್ಮ ಊರಿನ ವಯರೇ ಧಾರಾಳ. ಇದಕ್ಕೆ ದುಪ್ಪಟ್ಟು ಕೊಡಿ ಅಂತ ನಾನು ಹೇಗೆ ಹೇಳುವುದು?"

"ಅಷ್ಟು ಧೈರ್ಯ ಇದ್ದರೆ ಧರ್ಮಸ್ಥಳಕ್ಕೆ ಹೋಗುವ. ಅಲ್ಲಿ ಆಣೆ ಹಾಕಿ ಹೇಳು."

ಡೊಂಬಯ್ಯ ಪಟದ ಕಡೆ ನೋಡಿದ. "ವಯರಿನ ವಿಷಯಕ್ಕೆ ಸ್ವಾಮಿಗೆ ತೊಂದರೆ ಕೊಡುವುದಿಲ್ಲ. ಕಿವಿ ಕೊಟ್ಟಿದ್ದಾನಲ್ಲ, ಅದರಲ್ಲೇ ನೋಡುವ."

ಯಾರ ಕಿವಿ ಎಂಬ ಪ್ರಶ್ನೆ ಬಂದಾಗ ಶೆಟ್ಟರೇ ಹೆಸರು ಹೇಳಿದರು. ಮೂಡುಬಿದಿರೆಯ ಕಮಲಾಕ್ಷ. ಯಕ್ಷಗಾನ ಮೇಳದಲ್ಲಿ ಇಪ್ಪತ್ತೈದು ವರ್ಷ ಮದ್ದಳೆ ಬಾರಿಸಿದವರು. ಶ್ರುತಿ ಕೂದಲೆಳೆಯಷ್ಟು ಜಾರಿದರೂ ಹಿಡಿಯುತ್ತಾರೆ ಎಂದು ಊರೆಲ್ಲ ನಂಬಿತ್ತು. ಅವರ ಮಾತಿಗೆ ಎದುರು ಮಾತಿಲ್ಲ.

"ಅವರು ವ್ಯತ್ಯಾಸ ಉಂಟು ಅಂದರೆ ನೀನು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಹೇಳಬೇಕು. ಹೇಳದಿದ್ದರೆ ಕೋಣೆಯ ಕೀಲಿಕೈ ಕೊಡಬೇಕು," ಎಂದರು ಶೆಟ್ಟರು.

ಆದಿತ್ಯವಾರ ಬೆಳಿಗ್ಗೆ ಟ್ಯಾಕ್ಸಿಯ ಅಬ್ದುಲ್ ನಾಸಿರ್ ತನ್ನ ಅಂಬಾಸಿಡರ್ ತಂದು ನಿಲ್ಲಿಸಿದ. ಹಿಂದಿನ ಸೀಟಿನ ಬೆನ್ನಿಗೆ ಎರಡು ಸ್ಪೀಕರು. ಬಲದ್ದಕ್ಕೆ ದುಬೈ ವಯರು, ಎಡದ್ದಕ್ಕೆ ಊರಿನದ್ದು. ಕಮಲಾಕ್ಷರು ನಡುವೆ ಕುಳಿತು ಕಣ್ಣು ಮುಚ್ಚಿದರು. ಕ್ಯಾಸೆಟ್ಟಿನಲ್ಲಿ ಅವರದೇ ಮದ್ದಳೆ. ಎರಡೂ ಸ್ಪೀಕರಿಗೆ ಹೋಗುವುದು ಒಂದೇ ಧ್ವನಿ.

"ಬಲದ್ದು ಸ್ಪಷ್ಟ. ಎಡದ್ದು ಸ್ವಲ್ಪ ಮಂದ," ಎಂದರು.

ಶೆಟ್ಟರು ನಕ್ಕರು. "ಕೇಳಿತಾ ಡೊಂಬಯ್ಯ? ಅಥವಾ ನಿನ್ನ ಕಿವಿಗೂ ದಪ್ಪ ವಯರು ಬೇಕಾ?"

ಡೊಂಬಯ್ಯ ಹಿಂದೆ ಹೋಗಿ ವಯರು ಅದಲು ಬದಲು ಮಾಡಿದ. ಈಗ ದುಬೈ ವಯರು ಎಡಕ್ಕೆ.

"ಈಗಲೂ ಬಲದ್ದೇ," ಎಂದರು ಕಮಲಾಕ್ಷರು.

"ಹಾಗಾದರೆ ನನ್ನ ಬಲದ ಸ್ಪೀಕರೇ ಒಳ್ಳೆಯದು," ಎಂದ ನಾಸಿರ್.

"ಕಮಲಾಕ್ಷಣ್ಣ, ಸೀಟಿನ ಮೇಲೆ ಮೊಣಕಾಲೂರಿ ಹಿಂದಕ್ಕೆ ಮುಖ ಮಾಡ್ತೀರಾ?" ಎಂದ ಡೊಂಬಯ್ಯ.

ಅವರು ತಿರುಗಿದರು. ಬಲ ಸ್ಪೀಕರು ಈಗ ಅವರ ಎಡಗಡೆಗೆ ಬಂತು. ಮದ್ದಳೆ ಮತ್ತೊಮ್ಮೆ ನುಡಿಯಿತು. ಅವರು ಎಡಕಿವಿಯನ್ನು ಅಂಗೈಯಿಂದ ಮುಚ್ಚಿದರು, ತೆಗೆದರು, ಮತ್ತೆ ಮುಚ್ಚಿದರು.

"ಈಗ ಎಡ ಸ್ಪೀಕರಿನದ್ದು ಸ್ಪಷ್ಟ," ಎಂದರು ಮೆಲ್ಲಗೆ. "ವಯರಿನದ್ದಲ್ಲ ಶೆಟ್ರೇ, ಸ್ಪೀಕರಿನದ್ದೂ ಅಲ್ಲ. ಚೆಂಡೆಯ ಪಕ್ಕದಲ್ಲಿ ಕೂತು ಕೂತು ನನ್ನ ಎಡಕಿವಿ ಹೋಗಿದೆ. ಮೇಳದಲ್ಲಿ ಯಾರಿಗೂ ಹೇಳಿರಲಿಲ್ಲ. ಬಲಕಿವಿಯಿಂದ ಎರಡು ವಯರನ್ನೂ ಕೇಳಿದೆ. ಎರಡೂ ಒಂದೇ."

ಯಾರೂ ನಗಲಿಲ್ಲ. ಡೊಂಬಯ್ಯ ಅವರ ಕೈ ಹಿಡಿದು ಕಾರಿನಿಂದ ಇಳಿಸಿದ.

ಶೆಟ್ಟರ ಮುಖ ಕೆಂಪಾಗಿತ್ತು. "ಕಿವುಡನ ಮಾತು ಲೆಕ್ಕಕ್ಕಿಲ್ಲ. ನಾಳೆ ಸ್ಟ್ಯಾಂಡಿನಲ್ಲಿ ಎಂತ ಹೇಳ್ತಿ, ಅದು ಹೇಳು."

"ಇವರನ್ನು ಆರಿಸಿದ್ದು ನೀವು. ನಾಳೆಯೂ ಇವತ್ತಿನದ್ದೇ ಹೇಳ್ತೇನೆ."

"ಕೋಣೆ ನನ್ನದು."

"ಹೌದು, ನಿಮ್ಮದೇ." ಡೊಂಬಯ್ಯ ಸೊಂಟದ ದಾರದಿಂದ ಕೀಲಿಕೈ ಬಿಚ್ಚಿ ಕಾರಿನ ಬಾನೆಟ್ಟಿನ ಮೇಲೆ ಇಟ್ಟ. ಆ ನಾಲ್ಕು ಮಾರು ವಯರನ್ನೂ ಸ್ಪೀಕರಿನಿಂದ ಬಿಚ್ಚಿ ಪಕ್ಕದಲ್ಲಿಟ್ಟ. ಶೆಟ್ಟರು ಕೀಲಿಕೈ ಎತ್ತಿಕೊಂಡು ವಯರನ್ನು ಅವನ ಕಾಲಬುಡಕ್ಕೆ ಎಸೆದರು.

"ಕೊಟ್ಟದ್ದನ್ನು ವಾಪಸ್ ತೆಗೆದುಕೊಳ್ಳುವವನಲ್ಲ ನಾನು. ಇಟ್ಟುಕೊ, ರಸ್ತೆಯಲ್ಲಿ ಬೇಕಾಗ್ತದೆ."

ಮರುದಿನ ಬೆಳ್ತಂಗಡಿ ಟ್ಯಾಕ್ಸಿ ಸ್ಟ್ಯಾಂಡಿನ ಗೋಳಿಮರದ ಕೆಳಗೆ ಒಂದು ಟಾರ್ಪಾಲು ಎದ್ದಿತು. ಮರದ ಮೊಳೆಗೆ ಮಂಜುನಾಥ ಸ್ವಾಮಿಯ ಪಟ, ಅದರ ಮುಂದೆ ಊದುಬತ್ತಿ. ಮೊದಲು ಬಂದವನು ನಾಸಿರ್. ಟಾರ್ಪಾಲಿನ ನಾಲ್ಕು ಮೂಲೆಗಳನ್ನು ನೋಡಿ ನಿಂತ. ಹೊಳೆಯುವ ತಾಮ್ರದ ವಯರಿನಿಂದ ಬಿಗಿದು ಕಟ್ಟಿತ್ತು.

"ಡೊಂಬಯ್ಯಣ್ಣ, ಇದು ದುಬೈಯದ್ದಲ್ವಾ?"

"ಅದೇ. ಜಗ್ಗಿ ನೋಡು. ಎಷ್ಟು ಗಟ್ಟಿ ಉಂಟು." ಡೊಂಬಯ್ಯ ಟೆಸ್ಟರು ಕೈಗೆತ್ತಿಕೊಂಡ. "ಅದನ್ನು ಬೇಕಾದರೆ ಶೆಟ್ಟರ ಎದುರೂ ಹೇಳ್ತೇನೆ."